ಕುದಿನೀರಿನಲ್ಲಿ ಬಾಳುವ ಜೀವ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆಗೆ ಹೋದವರು ರೇಷ್ಮೆಯ ನೂಲು ಬಿಚ್ಚುವುದನ್ನು ನೋಡಿರಬಹುದು. ಕುದಿಯುವ ನೀರಿನಲ್ಲಿ ಗೂಡುಗಳನ್ನು ಹಾಕಿ, ಅಂಟು ಸಡಿಲವಾದೊಡನೆ ಎಳೆಯ ತುದಿಯನ್ನು ಹಿಡಿದು ರಾಟೆಗೆ ಸುತ್ತುತ್ತಾರೆ. ಎಳೆಯೇನೋ ಕೆಡದೆ ಉಳಿಯುತ್ತದೆ. ಗೂಡಿನೊಳಗಣ ಹುಳುವಿಗೆ ಮಾತ್ರ ಆ ನೀರಿನಲ್ಲಿ ಬದುಕಿಲ್ಲ. ಕುದಿನೀರಿಗೂ ಜೀವಕ್ಕೂ ಹಗೆತನವೆಂಬುದು ನಮಗೆಲ್ಲ ಅನುಭವದಿಂದ ತಿಳಿದ ಮಾತು. ಬಾಣಂತಿಗೆ ಕಾಯಿಸಿ ಆರಿಸಿದ ನೀರನ್ನೇ ಕೊಡುವುದೂ, ಹಾಲನ್ನು ಉಕ್ಕಿಸಿ ಇಡುವುದೂ, ಉಪ್ಪಿನಕಾಯಿಗೆ ನಿಂಬೆಯ ಹುಳಿಯನ್ನು ನಂಬುವುದೂ ಈ ತಿಳಿವಳಿಕೆಯಿಂದಲೇ. ಕಣ್ಣಿಗೆ ಕಾಣದ ಜೀವಾಣುಗಳನ್ನು ಅಡಗಿಸಲು ಶಾಖವೂ ಹುಳಿಯೂ ಗೃಹಿಣಿಯ ಎರಡು ಆಯುಧಗಳು.

ಹೀಗಿರುವಲ್ಲಿ, ಇವೆರಡರ ನಡುವೆಯೇ ಸುಖವಾಗಿ ಬಾಳುವ ಜೀವಿಗಳುಂಟೆಂದರೆ ವಾಚಕರು ಆಶ್ಚರ್ಯಪಡದೆ ಇರಲಾರರು. ಅಮೆರಿಕಾ ದೇಶದ ಯೆಲ್ಲೋಸ್ಟೋನ್ ಪ್ರಾಂತದ ಬಿಸಿನೀರಿನ ಬುಗ್ಗೆಗಳಲ್ಲಿ ದೊರೆತ ‘ಸಲ್ಫೊಲೋಬಸ್’ ಎಂಬುದನ್ನು ಥಾಮಸ್ ಬ್ರಾಕ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1972ರಲ್ಲಿ ಲೋಕಕ್ಕೆ ಪರಿಚಯ ಮಾಡಿಕೊಟ್ಟರು. ಸುಮಾರು 75ರಿಂದ 80 ಡಿಗ್ರಿ ಸೆಂಟಿಗ್ರೇಡಿನ ಶಾಖ, ನಿಂಬೆಯ ರಸಕ್ಕೆ ಸಮೀಪವಾದ ಹುಳಿ—ಇವೇ ಅದಕ್ಕೆ ಹಿತ. ಆದರೂ ಅದರ ಒಡಲೊಳಗೆ ಹುಳಿ ಹೊಗುವುದಿಲ್ಲ. ಎಡೆಬಿಡದೆ ಅದನ್ನು ಹೊರದೂಡುತ್ತಲೇ ಇರುತ್ತದೆ. 1977ರಲ್ಲಿ ಕಾರ್ಲ್ ವೋಸ್, ಜಾರ್ಜ್ ಫಾಕ್ಸ್ ಎಂಬಿಬ್ಬರು ಮೀಥೇನ್ ಅನಿಲವನ್ನು ಹುಟ್ಟಿಸುವ ಕೆಲವು ಜೀವಾಣುಗಳನ್ನು ಪರೀಕ್ಷಿಸಿ, ಇವು ಬ್ಯಾಕ್ಟೀರಿಯಗಳಲ್ಲ, ಬೇರೆಯೇ ಒಂದು ಕುಲವೆಂದು ತೋರಿಸಿದರು. ಸಲ್ಫೊಲೋಬಸ್ಸೂ ಅದೇ ಕುಲದ್ದೆಂದು ಬಳಿಕ ಗೊತ್ತಾಯಿತು. ಈ ಕುಲಕ್ಕೆ ಈಗ ‘ಆರ್ಕಿಯಾ’ ಎಂದು ಹೆಸರು.

ಇವು ಬೇಯದೆ ಉಳಿಯುವುದು ಹೇಗೆ? ಮೊದಲನೆಯದಾಗಿ, ಹೊದಿಕೆಯ ವಿಶೇಷ. ನಮ್ಮ ದೇಹದ ಜೀವಕೋಶದ ಹೊದಿಕೆ ಎರಡು ಪದರದ್ದು. ರವಕೆಯ ಬಟ್ಟೆಗೆ ಒಳಬಟ್ಟೆಯನ್ನು ಸೇರಿಸಿದಂತೆ. ಶಾಖ ಹೆಚ್ಚಿದರೆ ಪದರಗಳು ಅಗಲುತ್ತವೆ. ಇಂಥ ಆರ್ಕಿಯಾಗಳಲ್ಲಾದರೋ ಒಂದೇ ಎಳೆ ಈ ಮಗ್ಗುಲಿನಿಂದ ಆ ಮಗ್ಗುಲಿನವರೆಗೆ ಹಾಯ್ದಿರುತ್ತದೆ. ದೊಡ್ಡಬಳ್ಳಾಪುರದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಪದರವೇ ಇಲ್ಲದಲ್ಲಿ ಪದರ ಬಿಡುವುದೆಲ್ಲಿ?

ಎರಡನೆಯದು ಪ್ರೋಟೀನುಗಳ ವಿಷಯ. ಕೋಳಿಯ ಮೊಟ್ಟೆಯ ಬಿಳಿಯ ಲೋಳೆ ಬೆಂದೊಡನೆ ಗಟ್ಟಿಯಾಗುವುದು ಏಕೆ? ಅದರ ಪ್ರೋಟೀನು ಮಣಿಗಳ ಸರದಂಥದು. ಅಚ್ಚುಕಟ್ಟಾಗಿ ಮಡಿಸಿಟ್ಟಿರುವ ಸರ ಶಾಖಕ್ಕೆ ಬಿಚ್ಚಿಕೊಂಡು, ಒಂದಕ್ಕೊಂದು ತೊಡಕಿಕೊಳ್ಳುತ್ತದೆ. ಮತ್ತೆ ಮೊದಲಿನಂತಾಗದು. ಶಾಖಪ್ರಿಯ ಜೀವಿಯ ಸರ ಬಿಚ್ಚದಿರುವ ಗುಟ್ಟೇನು? ಇದರ ಒಂದು ಉತ್ತರ ನಮ್ಮ ನೆರೆಯಲ್ಲೇ ದೊರೆತಿದೆ ಎಂಬುದು ಸಂತೋಷದ ಸಂಗತಿ.

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬರುವವರು ಯಲಹಂಕವನ್ನು ದಾಟಿದರೆ ಜಕ್ಕೂರು ಸಮೀಪಿಸುತ್ತದೆ. ಅಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಶ್ರೀಮತಿ ಹೇಮಲತಾ ಬಲರಾಮ್ ಅವರೂ, ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀ ಪದ್ಮನಾಭನ್ ಬಲರಾಮ್ ಅವರೂ, ಅವರ ಸಹೋದ್ಯೋಗಿಗಳೂ ‘ಮೆಥನೋಕಾಲ್ಡೋಕಾಕಸ್ ಜನ್ನಾಶಿಯೈ’ ಎಂಬ ಆರ್ಕಿಯಾದ ಒಂದು ಪ್ರೋಟೀನನ್ನು ಪರೀಕ್ಷಿಸಿದರು. ಹೆಸರು ಉದ್ದ, ಜೀವಿ ಮಾತ್ರ ಅತಿ ಸೂಕ್ಷ್ಮ. ಶಾಂತಸಾಗರದಲ್ಲಿ ಸುಮಾರು 2,600 ಮೀಟರು ಆಳದ ಬಿಸಿ ಬುಗ್ಗೆಯ ಬಳಿ ದೊರೆತ ಇದಕ್ಕೆ 85 ಡಿಗ್ರಿಯ ಶಾಖವೇ ಮೆಚ್ಚು. ಆಮ್ಲಜನಕ ಬೇಡ, ಜಲಜನಕವೂ ಇಂಗಾಲಾಮ್ಲವೂ ಆಹಾರ. ಆರ್ಕಿಯಾಗಳಲ್ಲಿ ಮೊಟ್ಟಮೊದಲು, 1996ರಲ್ಲಿ, ಅನುವಂಶಿಕ ಲಿಪಿಯನ್ನು ಪೂರ್ತಿಯಾಗಿ ಓದಲಾದುದು ಇದರದೇ.

ಈಗ ಗಮನಿಸಬೇಕಾದ ಸಂಗತಿ ಇದು. ಪ್ರೋಟೀನಿನ ಸರದಲ್ಲಿ ‘ಆಸ್ಪರಜೀನ್’ ಎಂಬ ಮಣಿ ಬಲು ದುರ್ಬಲ. ಕಾಲಕ್ರಮದಲ್ಲಿ ಅದು ಅಮೋನಿಯವನ್ನು ಕಳೆದುಕೊಂಡು ‘ಸಕ್ಸಿನಿಮೈಡ್’ ಎಂಬ ಉಂಗುರವಾಗುತ್ತದೆ. ಉಂಗುರ ಹೆಚ್ಚು ಕಾಲ ನಿಲ್ಲದು. ನೀರು ತಾಗಿ ಒಡೆದು, ಮಣಿ ಬೇರೊಂದು ರೂಪ ತಾಳಿ, ಸರ ಸೊಟ್ಟಗಾಗುತ್ತದೆ. ಪ್ರೋಟೀನಿಗೆ ಮುಪ್ಪು ಬರುವುದು ಹೀಗೆ. ನಮ್ಮ ಕಣ್ಣಿನ ಮಸೂರದ ಪ್ರೋಟೀನುಗಳು ಹುಟ್ಟಿದಂದಿನಿಂದ ಬದಲಾಗದೆ ಉಳಿಯತಕ್ಕವು. ಇಂಥ ಕೆಡುಕು ಅವುಗಳಲ್ಲಿ ವರ್ಷ ವರ್ಷವೂ ಕೂಡಿಕೊಳ್ಳುತ್ತದೆ. ಮನೆಯ ಹಿರಿಯರ ಕಣ್ಣಿಗೆ ಪೊರೆ ಬರುವುದಕ್ಕೆ ಇದೂ ಒಂದು ಕಾರಣ.

ಸಾಗರತಳದ ಜೀವಿಯ ಆ ಪ್ರೋಟೀನಿನಲ್ಲಿಯೂ 109ನೆಯ ಮಣಿ ಉಂಗುರವಾಗಿತ್ತು. ಆದರೆ ಒಡೆದಿರಲಿಲ್ಲ! ಅಷ್ಟೇ ಅಲ್ಲ, ಆ ಉಂಗುರವೇ ಸರವನ್ನು ಬಿಗಿಯಾಗಿ ಹಿಡಿದಿತ್ತು. ನೂರು ಡಿಗ್ರಿ ಶಾಖದಲ್ಲಿಯೂ, ಪ್ರೋಟೀನುಗಳನ್ನು ಬಿಚ್ಚಿಹಾಕುವ ತೀಕ್ಷ್ಣವಾದ ರಾಸಾಯನಿಕದಲ್ಲಿಯೂ ಮಡಿಕೆ ಬಿಚ್ಚಲಿಲ್ಲ. ಉಂಗುರವಾಗದ ಬೇರೆ ಮಣಿಯನ್ನು ಅಲ್ಲಿಟ್ಟಾಗ ಸ್ಥಿರತೆ ಕುಗ್ಗಿತು. ಪಕ್ಕದ ಮಣಿಯನ್ನು ಬದಲಿಸಿ ನೋಡಿ, ಉಂಗುರವನ್ನು ನೀರಿನಿಂದ ಕಾಯುವುದರಲ್ಲಿ ಅದರ ಪಾಲೂ ಉಂಟೆಂದು ಕಂಡುಕೊಂಡರು. ಈ ಸಂಶೋಧನೆ 2016ರಲ್ಲಿ ಪ್ರಕಟವಾಯಿತು.

ಇದರಿಂದ ಕಣ್ಣಿನ ಪೊರೆಗೆ ಔಷಧಿ ದೊರೆತಂತಾಯಿತೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಸತ್ಯಕ್ಕೆ ದೂರ. ಆದರೆ ಕುತೂಹಲಕ್ಕಾಗಿ ನಡೆಸಿದ ಶೋಧನೆ ಮನೆಯ ಬಾಗಿಲಿಗೆ ಬರುವುದುಂಟು. ಯೆಲ್ಲೋಸ್ಟೋನಿನ ಬುಗ್ಗೆಯಲ್ಲಿಯೇ ಬ್ರಾಕ್ ಅವರು ಕಂಡ ಶಾಖಪ್ರಿಯ ಬ್ಯಾಕ್ಟೀರಿಯ ಒಂದರ ಪ್ರೋಟೀನು ಮುಂದೆ ಅನುವಂಶಿಕ ಲಿಪಿಯನ್ನು ನಕಲು ಮಾಡುವ ಸಾಧನವಾಯಿತು. 2020ರ ಕೊರೋನಾ ಪಿಡುಗಿನಲ್ಲಿ ಊರೂರಿಗೂ ಬಂದ ಪರೀಕ್ಷೆಯ ಮೂಲ ಅದು. ಬುಗ್ಗೆಯ ದಡದಲ್ಲಿ ನಿಂತವರು ಇದನ್ನು ಮುಂಗಂಡಿರಲಿಲ್ಲ.

ನಮ್ಮಲ್ಲಿ ಮುಪ್ಪಿನ ಗುರುತಾದುದು ಅಲ್ಲಿ ಬಲದ ಆಧಾರವಾಗಿದೆ. ಒಲೆಯ ಮುಂದೆ ಕುಳಿತ ಮಕ್ಕಳು ಮೊಟ್ಟೆ ಗಟ್ಟಿಯಾಗುವುದೇಕೆ, ಹಾಲು ಒಡೆಯುವುದೇಕೆ ಎಂದು ಕೇಳಿದರೆ ತಾಯಂದಿರು ಬೇಸರಿಸದಿರಲಿ. ಜಕ್ಕೂರಿನಲ್ಲಿ ನಡೆದುದೂ ಅದೇ ಜಾತಿಯ ಪ್ರಶ್ನೆಯಿಂದಲೇ.