ಬಿಪಿ ಗುಳಿಗೆ, ಉಪ್ಪು ಮತ್ತು ನಮ್ಮ ವ್ರತಗಳು

ಅರಭಾವಿ, ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಶ್ರಾವಕರ ಮನೆಗಳಲ್ಲಿ ಹಿರಿಯರು ಇಂದಿಗೂ ಹೊತ್ತು ಮುಳುಗುವ ಮುಂಚೆ ಊಟ ಮುಗಿಸುತ್ತಾರೆ. ಕೆಲವರು ಆಮೇಲೆ ನೀರನ್ನೂ ಮುಟ್ಟುವುದಿಲ್ಲ. ವೈದ್ಯರ ಚೀಟಿಯಲ್ಲಿ ಮಾತ್ರ ‘ರಾತ್ರಿ ಊಟದ ನಂತರ ಒಂದು’ ಎಂದಿರುತ್ತದೆ. ಅಜ್ಜಿ ನಿಯಮ ಮುರಿಯುವುದಿಲ್ಲ, ಗುಳಿಗೆ ನುಂಗುವುದಿಲ್ಲ, ಅದನ್ನು ಯಾರಿಗೂ ಹೇಳುವುದೂ ಇಲ್ಲ. ಮುಂದಿನ ಸಲ ಬಿಪಿ ಏರಿದ್ದನ್ನು ಕಂಡ ವೈದ್ಯರು ಔಷಧದ ಪ್ರಮಾಣ ಹೆಚ್ಚಿಸುತ್ತಾರೆ.

ಇಷ್ಟು ತೊಂದರೆ ಪಡುವ ಅಗತ್ಯವೇ ಇಲ್ಲ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಬಿಪಿ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಳಿಗೆಯನ್ನು ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುವಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ‘ನಾನು ರಾತ್ರಿ ಏನೂ ಸೇವಿಸುವುದಿಲ್ಲ, ಬೆಳಗಿನ ಗುಳಿಗೆ ಬರೆದುಕೊಡಿ’ ಎಂದು ವೈದ್ಯರಿಗೆ ಕೇಳಿದರೆ ಹೆಚ್ಚಿನವರಿಗೆ ದಾರಿ ಸಿಗುತ್ತದೆ. ನಿಯಮವೂ ಉಳಿಯುತ್ತದೆ, ಔಷಧವೂ ತಪ್ಪುವುದಿಲ್ಲ.

ದಶಲಕ್ಷಣ ಪರ್ವ, ಅಷ್ಟಾಹ್ನಿಕಗಳ ಉಪವಾಸದ್ದು ಇದಕ್ಕಿಂತ ಸೂಕ್ಷ್ಮ ವಿಷಯ. ಮೂತ್ರ ಹೆಚ್ಚಿಸುವ ‘ನೀರಿನ ಗುಳಿಗೆ’ ತೆಗೆದುಕೊಳ್ಳುವವರು ನೀರಿಲ್ಲದೆ ಉಪವಾಸ ಮಾಡಿದರೆ ತಲೆಸುತ್ತಿ ಬೀಳಬಹುದು, ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ಹಾಗೆಂದು ಎಲ್ಲ ಗುಳಿಗೆಗಳನ್ನೂ ತಾವೇ ನಿಲ್ಲಿಸುವುದು ಇನ್ನೂ ಅಪಾಯ. ಅಟೆನೊಲಾಲ್, ಕ್ಲೋನಿಡಿನ್‌ನಂಥ ಔಷಧಗಳನ್ನು ತಟ್ಟನೆ ಬಿಟ್ಟರೆ ರಕ್ತದೊತ್ತಡ ಮೊದಲಿಗಿಂತ ಮೇಲೇರಬಹುದು. ಪರ್ವಕ್ಕೆ ಎರಡು ವಾರ ಮುಂಚೆಯೇ ವೈದ್ಯರನ್ನು ಕಂಡು ಯಾವುದನ್ನು ಮುಂದುವರಿಸಬೇಕು, ಯಾವುದನ್ನು ತಗ್ಗಿಸಬೇಕು ಎಂದು ಬರೆಸಿಕೊಳ್ಳಿ. ಉಪವಾಸದ ಬದಲು ಏಕಭುಕ್ತ ಸಾಕೇ ಎಂಬುದನ್ನು ಮುನಿಗಳಲ್ಲಿ, ಮಾತಾಜಿಯವರಲ್ಲಿ ವಿನಯದಿಂದ ಕೇಳಬಹುದು. ಶಕ್ತಿ ಮೀರಿ ತಪ ಮಾಡಿರೆಂದು ನಮ್ಮ ಪರಂಪರೆ ಹೇಳಿಲ್ಲ.

ಇನ್ನು ಉಪ್ಪು. ಬಾಹ್ಯ ತಪಗಳಲ್ಲಿ ಒಂದಾದ ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆಗಳ ಜೊತೆ ಉಪ್ಪೂ ಸೇರಿದೆ. ರವಿವಾರ ಉಪ್ಪು ಬಿಡುವ ರೂಢಿ ಹಲವು ಮನೆಗಳಲ್ಲಿದೆ. ವಾರಕ್ಕೊಂದು ದಿನ ಬಿಟ್ಟು ಉಳಿದ ಆರು ದಿನ ಮನಬಂದಂತೆ ತಿಂದರೆ ಬಿಪಿಗೆ ಹೆಚ್ಚೇನೂ ಆಗದು. ಆದರೆ ಉಪ್ಪಿಲ್ಲದ ಊಟಕ್ಕೂ ನಾಲಿಗೆ ಒಗ್ಗುತ್ತದೆ ಎಂಬುದನ್ನು ಆ ದಿನ ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದಷ್ಟು ಉಪ್ಪು ಸಾಕೆನ್ನುತ್ತದೆ. ನಮ್ಮ ದೇಶದವರು ಸರಾಸರಿ 8 ಗ್ರಾಂ ತಿನ್ನುತ್ತಾರೆ.

ನಮ್ಮ ಭಾಗದ ಊಟದಲ್ಲಿ ಒಂದು ಅನುಕೂಲವಿದೆ. ಜೋಳದ ರೊಟ್ಟಿಗೆ ಉಪ್ಪೇ ಬೇಡ. ಉಪ್ಪು ಬರುವುದು ಅದರ ಪಕ್ಕದಲ್ಲಿರುವುದರಿಂದ: ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಚಟ್ನಿ ಕುಟ್ಟುವಾಗಲೇ ಉಪ್ಪನ್ನು ಅರ್ಧಕ್ಕಿಳಿಸಿ, ನಿಂಬೆರಸ, ಜೀರಿಗೆಯಿಂದ ರುಚಿ ತುಂಬಿಸಬಹುದು. ಅಂಗಡಿಯ ಪೊಟ್ಟಣದ ಮೇಲೆ ‘ಜೈನ್’ ಎಂದಿದ್ದರೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಎಂದಷ್ಟೇ ಅರ್ಥ. ಉಪ್ಪು ಕಡಿಮೆ ಎಂದಲ್ಲ. ‘ಬೆಳ್ಳುಳ್ಳಿ ತಿಂದರೆ ಬಿಪಿ ಇಳಿಯುತ್ತದೆ’ ಎಂದು ನೆರೆಯವರು ಹೇಳಿದರೆ ಬೇಸರ ಬೇಡ. ಅದು ಗುಳಿಗೆಯ ಜಾಗ ತುಂಬುವಂಥದ್ದಲ್ಲ, ತಿನ್ನದಿದ್ದರೆ ನಷ್ಟವಿಲ್ಲ.

ಪೊಟ್ಯಾಸಿಯಂ ಇರುವ ಆಹಾರ ಬಿಪಿ ಇಳಿಯಲು ನೆರವಾಗುತ್ತದೆ. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರು ಹೆಸರುಕಾಳು, ಕಡಲೆ, ತೊಗರಿಬೇಳೆ, ಮಜ್ಜಿಗೆ ಹೆಚ್ಚಿಸಿಕೊಳ್ಳಬಹುದು. ಚೀನಾದ 600 ಹಳ್ಳಿಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಇಂಥ ಉಪ್ಪು ನಮ್ಮಲ್ಲೂ ಸಿಗುತ್ತದೆ. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು.

ಊನೋದರ, ಅಂದರೆ ಹೊಟ್ಟೆ ತುಂಬುವ ಮುನ್ನ ಏಳುವುದು, ತೂಕ ಇಳಿಸುತ್ತದೆ. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ. ಕಾಯೋತ್ಸರ್ಗದಲ್ಲಿ ಒಂಬತ್ತು ಸಲ ಣಮೋಕಾರ ಮಂತ್ರವನ್ನು 27 ಉಸಿರಿನಲ್ಲಿ ಜಪಿಸುವ ಕ್ರಮವಿದೆ. ಅವಸರ ಮಾಡದೆ ಹಾಗೆ ಜಪಿಸಿದರೆ ಉಸಿರು ತಾನಾಗಿ ನಿಧಾನವಾಗುತ್ತದೆ. ನಿಧಾನದ ಉಸಿರಾಟದಿಂದ ರಕ್ತದೊತ್ತಡ ಸ್ವಲ್ಪ ಇಳಿಯುವುದು ಕಂಡುಬಂದಿದೆ. ಮಂತ್ರದ ಉದ್ದೇಶ ಬೇರೆ, ಇದು ಜೊತೆಗೆ ಬರುವ ಲಾಭ. ಗುಳಿಗೆಯ ಬದಲಿಗೆ ಇದನ್ನು ಯಾರೂ ಇಟ್ಟುಕೊಳ್ಳಬಾರದು.

ಔಷಧ ದಾನ ನಾಲ್ಕು ದಾನಗಳಲ್ಲಿ ಒಂದು. ಪ್ರತಿ ಬಸದಿಯಲ್ಲೂ ಒಂದು ಬಿಪಿ ಯಂತ್ರ ಇಟ್ಟರೆ ಅದೂ ಆ ಲೆಕ್ಕಕ್ಕೇ ಸೇರುತ್ತದೆ. ಅಭಿಷೇಕಕ್ಕೆ ಬಂದವರು ಐದು ನಿಮಿಷ ಬೆನ್ನಿಗೆ ಆಸರೆ ಪಡೆದು ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಮಾತಾಡದೆ ಎರಡು ಸಲ ನೋಡಿಸಿಕೊಂಡರಾಯಿತು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಹೆಚ್ಚಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ತಪಾಸಣೆಗೂ ಗುಳಿಗೆಗೂ ದುಡ್ಡಿಲ್ಲ. 180/120 ದಾಟಿ, ಎದೆನೋವು, ಕೈಕಾಲಿನ ಶಕ್ತಿಹೀನತೆ ಅಥವಾ ಮಾತಿನ ತೊದಲು ಕಂಡರೆ ಹೊತ್ತು ನೋಡದೆ ಆಸ್ಪತ್ರೆಗೆ ಕರೆದೊಯ್ಯಿರಿ.