ಬರ ಬಂದಾಗ ಬಂಗಾರದಂಗಡಿ

ಮಳೆ ಕೈಕೊಟ್ಟ ವರ್ಷ,
ಬಂಗಾರದಂಗಡಿಯಲ್ಲಿ ನಮಗೆ ಮರ್ಯಾದೆ ಯಾಕೆ ಹೆಚ್ಚುತ್ತೆ?
ಗಂಗಾವತಿಯನ್ನೇ ನೋಡಿ.
ತುಂಗಭದ್ರೆಯ ನೀರು, ಭತ್ತದ ದುಡ್ಡು, ಅದರ ಮೇಲೆ ನಿಂತ ಪೇಟೆ.
ಭತ್ತ ಮಾರಿದ ಹಣವೇ ಮದುವೆ ಸೀಸನ್‌ನಲ್ಲಿ ಒಡವೆಯಾಗುತ್ತೆ, ರೇಷ್ಮೆ ಸೀರೆಯಾಗುತ್ತೆ.
2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದವು.
ಇಂಥ ವರ್ಷ ಬೀಜ, ಗೊಬ್ಬರ ಬಿಡೋಕಾಗಲ್ಲ.
ಮುಂದಕ್ಕೆ ಹೋಗೋದು ಒಡವೆ ಖರೀದಿ.
ಆಗ ಅಂಗಡಿಯ ಲೆಕ್ಕವೇ ತಿರುಗುತ್ತೆ.

ಕಾಲುವೆ ತುಂಬಿ ಹರಿಯುವಾಗ ನೀರು ಪೋಲಾದರೂ ಯಾರೂ ನೋಡಲ್ಲ.
ನೀರು ಕಡಿಮೆಯಾದರೆ,
ಕೊನೇಭಾಗದ ರೈತ ಹನಿ ಹನಿಗೂ ಬದು ಕಟ್ಟುತ್ತಾನೆ.
ಅಂಗಡಿಗೆ ಗಿರಾಕಿ ಅಂದರೆ ಆ ನೀರು.
ಅದಕ್ಕೇ ಕುರ್ಚಿ ಬರುತ್ತೆ, ಚಹಾ ಬರುತ್ತೆ,
ಹತ್ತು ಸರ ತೆಗೆಸಿದರೂ ಮುಖ ಗಂಟಾಗಲ್ಲ.
ಇದೆಲ್ಲ ನಾಟಕ ಅಂತೀರಾ?
ಪೂರ್ತಿ ಅಲ್ಲ. ಗದ್ದಲ ಇಲ್ಲದಾಗ ಕೆಲಸದವರಿಗೆ ನಿಜವಾಗಿಯೂ ಪುರುಸೊತ್ತಿರುತ್ತೆ.
ಆದರೆ ಖರ್ಚು ಉಳಿಸೋಕೆ ಕೆಲಸದವರನ್ನೇ ತೆಗೆದರೆ?
ಸೇವೆ ಕುಸಿಯುತ್ತೆ. ಮಾಲೀಕರು ಎಡವೋದು ಅಲ್ಲೇ.
ಬಂಗಾರದ ದರ ಅವರ ಕೈಯಲ್ಲಿಲ್ಲ.
ಕೈಯಲ್ಲಿರೋದು ಮಜೂರಿ, ಮತ್ತೆ ಮಾತು.
ನಿಮ್ಮ ಮನೆಯ ಮೂರು ಮದುವೆಗೆ ಒಡವೆ ತೋರಿಸಿದ ಕೆಲಸಗಾರ ಹೋದರೆ,
ಮುಂದಿನ ಬೆಳೆಗೆ ನೀವು ಅದೇ ಅಂಗಡಿಗೆ ಹೋಗ್ತೀರಾ?

ಇಂಥ ಹೊತ್ತಲ್ಲಿ ಮಜೂರಿ ಕಡಿಮೆ ಮಾಡಿ ಅಂತ ಧೈರ್ಯವಾಗಿ ಕೇಳಿ.
ಆದರೆ ಚಹಾ ಕುಡಿದ ದಾಕ್ಷಿಣ್ಯಕ್ಕೆ,
ಹಾಲ್‌ಮಾರ್ಕ್‌ನ ಎಚ್‌ಯುಐಡಿ ಗುರುತಿನ ಕೋಡ್ ನೋಡದೆ, ಬಿಲ್ ಇಲ್ಲದೆ,
ಒಡವೆ ಮನೆಗೆ ತರಬೇಡಿ.