ಭೂಮಿಯ ಆಕಾರವೂ ನಮ್ಮ ಬಾವಿಯ ನೀರೂ

ಭೂಮಿಯು ಕಿತ್ತಳೆ ಹಣ್ಣಿನಂತೆ ದುಂಡಾಗಿದ್ದು ಧ್ರುವಗಳಲ್ಲಿ ತುಸು ಚಪ್ಪಟೆಯಾಗಿದೆ ಎಂಬ ವಾಕ್ಯವನ್ನು ನಮ್ಮ ಶಾಲೆಯಲ್ಲಿ ಓದಿದ ಪ್ರತಿಯೊಬ್ಬಳೂ ಕಂಠಪಾಠ ಮಾಡಿರುವಳು. ಧ್ರುವಗಳ ಕಡೆಯ ತ್ರಿಜ್ಯವು ಭೂಮಧ್ಯರೇಖೆಯ ತ್ರಿಜ್ಯಕ್ಕಿಂತ ಸುಮಾರು 21 ಕಿಲೋಮೀಟರು ಕಡಿಮೆ. ಆದರೆ ಈ ಆಕಾರವು ಸ್ಥಿರವಾದುದಲ್ಲವೆಂಬುದನ್ನು ನಾವು ಆಗ ಕಲಿಸಲಿಲ್ಲ. ಆ ಕೊರತೆಯನ್ನು ಈ ಸಂಚಿಕೆಯಲ್ಲಿ ತುಂಬಿಕೊಡಲು ಬಯಸುತ್ತೇವೆ.

ಭೂಮಿಯ ಆಕರ್ಷಣೆಯು ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ದ್ರವ್ಯವು ಹೆಚ್ಚಾಗಿರುವೆಡೆ ಸೆಳೆತವೂ ಹೆಚ್ಚು. ಇದರ ಸಾಕ್ಷಿಗೆ ದೂರ ಹೋಗಬೇಕಾದುದಿಲ್ಲ. 1982ರಲ್ಲಿ ಹಾಸನದಲ್ಲಿ ಸ್ಥಾಪಿತವಾದ ಮುಖ್ಯ ನಿಯಂತ್ರಣ ಕೇಂದ್ರವು, ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಂತಲ್ಲೇ ನಿಂತಂತೆ ತೋರುವ ನಮ್ಮ ದೇಶದ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಭೂಮಧ್ಯರೇಖೆಯೂ ಪೂರ್ಣವೃತ್ತವಲ್ಲವಾದುದರಿಂದ ಅವು ತಾವಾಗಿಯೇ 75 ಡಿಗ್ರಿ ಪೂರ್ವ ರೇಖಾಂಶದತ್ತ ಸರಿಯಲೆಳಸುತ್ತವೆ. ನಮ್ಮ ಬೇಲೂರು ಆ ರೇಖೆಯಿಂದ ಒಂದು ಡಿಗ್ರಿಯೊಳಗೇ ಇದೆ. ಸರಿದ ಉಪಗ್ರಹವನ್ನು ಆಗಾಗ್ಗೆ ಸ್ವಸ್ಥಾನಕ್ಕೆ ತರಬೇಕಾಗುತ್ತದೆ.

ಉಪಗ್ರಹದ ದಾರಿಯನ್ನು ಹೀಗೆ ತಪ್ಪಿಸುವ ಸೆಳೆತದಿಂದಲೇ ಭೂಮಿಯ ಆಕಾರವನ್ನೂ ತಿಳಿಯಬಹುದಾಗಿದೆ. 1976ರಲ್ಲಿ ಹಾರಿಸಿದ ಲೇಜಿಯೋಸ್ ಎಂಬುದು 60 ಸೆಂಟಿಮೀಟರು ಅಡ್ಡಳತೆಯ, 426 ಪ್ರತಿಫಲಕಗಳನ್ನುಳ್ಳ ಗೋಳ. ನೆಲದಿಂದ ಬಿಟ್ಟ ಲೇಸರ್ ಬೆಳಕು ಅದನ್ನು ಮುಟ್ಟಿ ಮರಳುವ ಕಾಲದಿಂದ ಅದರ ದೂರವನ್ನು ಗುಣಿಸುತ್ತಾರೆ. ವರ್ಷಗಟ್ಟಲೆ ಹೀಗೆ ನೋಡಲಾಗಿ, ಭೂಮಿಯ ಚಪ್ಪಟೆತನವು ಅತ್ಯಲ್ಪವಾಗಿ ಕುಗ್ಗುತ್ತಿದ್ದುದು ಕಂಡುಬಂದಿತು. ಹಿಮಯುಗದ ಮಂಜಿನ ಭಾರಕ್ಕೆ ತಗ್ಗಿದ್ದ ಉತ್ತರದ ನೆಲವು, ಆ ಭಾರವಿಳಿದು ಸಾವಿರಾರು ವರ್ಷಗಳಾದರೂ, ಇನ್ನೂ ಮೆಲ್ಲನೆ ಮೇಲೇಳುತ್ತಲಿದೆ. ಈಚೆಗಾದರೋ ಗ್ರೀನ್‌ಲೆಂಡ್, ಅಂಟಾರ್ಕ್ಟಿಕಗಳ ಮಂಜು ಕರಗಿ ಸಮುದ್ರಗಳಲ್ಲಿ ಹರಡುತ್ತಿರುವುದು ಇದಕ್ಕೆ ವಿರುದ್ಧವಾದ ಪರಿಣಾಮವನ್ನುಂಟುಮಾಡುತ್ತಿದೆ.

ಗ್ರೇಸ್ ಎಂಬ ಜೋಡಿ ಉಪಗ್ರಹಗಳು 2002ರಿಂದ 2017ರವರೆಗೆ ಸುಮಾರು 220 ಕಿಲೋಮೀಟರು ಅಂತರದಲ್ಲಿ ಒಂದರ ಹಿಂದೊಂದು ಸುತ್ತಿದುವು. ಭಾರವಾದ ಪ್ರದೇಶವು ಮುಂದಿನದನ್ನು ಮೊದಲು ಸೆಳೆಯುವುದರಿಂದ ಅಂತರವು ಹಿಗ್ಗುವುದು. ಬಳಿಕ ಹಿಂದಿನದನ್ನು ಸೆಳೆಯಲು ಕುಗ್ಗುವುದು. ಕೂದಲೆಳೆಗಿಂತ ಸಣ್ಣದಾದ ಈ ವ್ಯತ್ಯಾಸವನ್ನು ತಿಂಗಳು ತಿಂಗಳೂ ಅಳೆದು ಭೂಗರ್ಭದ ನೀರಿನ ಏರಿಳಿತವನ್ನು ತೂಗಿದರು. ರಾಜಸ್ಥಾನ, ಪಂಜಾಬ್, ಹರಿಯಾಣಗಳಲ್ಲಿ 2002ರಿಂದ 2008ರೊಳಗೆ 109 ಘನ ಕಿಲೋಮೀಟರು ಅಂತರ್ಜಲವು ನಷ್ಟವಾಯಿತೆಂದು ಹೀಗೆ ತಿಳಿಯಿತು. 2018ರಿಂದ ಮತ್ತೊಂದು ಜೋಡಿಯು ಆ ಕೆಲಸವನ್ನು ವಹಿಸಿಕೊಂಡಿದೆ.

ಬರದ ವರ್ಷಗಳಲ್ಲಿ ಅರಸೀಕೆರೆಯ ಕಡೆಯ ಹುಡುಗಿಯರು ನೀರು ಹೊತ್ತು ತರಗತಿಗೆ ತಡವಾಗಿ ಬರುವುದನ್ನು ನಾವು ಕಂಡಿದ್ದೇವೆ. ಅಂತರ್ಜಲದ ಲೆಕ್ಕವು ನಮಗೆ ದೂರದ ಸಂಗತಿಯಲ್ಲ. ಆದರೆ ಈ ಉಪಗ್ರಹಗಳು ಕೆಲವು ನೂರು ಕಿಲೋಮೀಟರು ವಿಸ್ತಾರದ ಸೀಮೆಯನ್ನು ಮಾತ್ರ ತೂಗಬಲ್ಲುವು. ಹಳೇಬೀಡಿನ ದ್ವಾರಸಮುದ್ರದ ಕೆರೆಯಾಗಲಿ, ತೆಂಗಿನ ತೋಟದ ಕೊಳವೆ ಬಾವಿಯಾಗಲಿ ಅವಕ್ಕೆ ಬೇರೆಯಾಗಿ ಕಾಣಿಸದು. ಅದನ್ನು ಅಳೆಯತಕ್ಕವರು ನಾವೇ. ನಮ್ಮ ಹುಡುಗಿಯರು ಗಂಟು ಹಾಕಿದ ಹಗ್ಗವನ್ನು ತಿಂಗಳಿಗೊಮ್ಮೆ ಶಾಲೆಯ ಬಾವಿಗೆ ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆಯೆಂದು ಬರೆದಿಡುತ್ತಾರೆ. ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ತಮ್ಮ ಬಾವಿಗಳಲ್ಲಿ ಹಾಗೆಯೇ ಮಾಡಿ, ತಿಂಗಳು, ವರ್ಷಗಳೊಡನೆ ಆ ಅಂಕಿಗಳನ್ನು ನಮಗೆ ಕಳುಹಿಸಬೇಕೆಂದು ಬೇಡುತ್ತೇವೆ.